ಫಿಟ್ಸ್ ಬಂದ ಮೇಲೂ ಹನ್ನೊಂದು ದಿನ

ನನಗೆ ಫಿಟ್ಸ್ ಶುರುವಾದದ್ದು ನಲವತ್ತನಾಲ್ಕನೇ ವಯಸ್ಸಿನಲ್ಲಿ. ಯಾಕೆ ಬಂತು ಎನ್ನುವುದು ಡಾಕ್ಟರಿಗೆ ಗೊತ್ತಾಗುವ ಮೊದಲೇ ನಮ್ಮ ಬೀದಿಗೆ ಗೊತ್ತಾಗಿತ್ತು. ಒಬ್ಬರ ಪ್ರಕಾರ ಹಂದಿ ಮಾಂಸ. ಇನ್ನೊಬ್ಬರ ಪ್ರಕಾರ ಕೆಟ್ಟ ದೃಷ್ಟಿ. ಸಾಗರದಲ್ಲಿರುವ ನನ್ನ ಒಡಹುಟ್ಟಿದ ಅಕ್ಕನ ಪ್ರಕಾರ, ನಾನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಒಂದು ಪಾಪ. ಎರಡು ವರ್ಷ ಕಳೆಯಿತು. ಮಾತ್ರೆ ನುಂಗಿಕೊಂಡು ನೆಟ್ಟಗೆ ಓಡಾಡುತ್ತಿದ್ದೇನೆ. ಆದರೂ ಆ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿಯಲಿ ಎಂದು ಕಾದರೆ ಬರೆಯುವುದೇ ಆಗಲಿಕ್ಕಿಲ್ಲ ಅನ್ನಿಸಿ ಇವತ್ತು ಕೂತಿದ್ದೇನೆ. ಇದೇ ಕಾಯಿಲೆ ಬಂದು, ಬಂದವರಿಂದೆಲ್ಲ ಕಾರಣ ಕೇಳಿಸಿಕೊಂಡು ಸಾಕಾಗಿರುವ ಯಾರಾದರೂ ಒಬ್ಬರು ಓದಿದರೂ ಸಾಕು.

ನಾನು ತೀರ್ಥಹಳ್ಳಿಯವನು, ಹೆಸರು ಹೆನ್ರಿ. ಹದಿನೈದು ವರ್ಷ ಶಾಲೆಯ ವ್ಯಾನು ಓಡಿಸಿದೆ. ಕೋಣಂದೂರು ರಸ್ತೆಯ ಹಳ್ಳಿಗಳಿಂದ ಹದಿನಾಲ್ಕು ಮಕ್ಕಳನ್ನು ಬೆಳಿಗ್ಗೆ ಕರೆತರುವುದು, ಸಂಜೆ ಮನೆ ಮುಟ್ಟಿಸುವುದು ನನ್ನ ಕೆಲಸ. ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ನಮ್ಮ ಸಭೆಯ ಚಿಕ್ಕ ಮಕ್ಕಳಿಗೆ ಧರ್ಮಶಿಕ್ಷಣ ಹೇಳಿಕೊಡುತ್ತಿದ್ದೆ. ವಾರದಲ್ಲಿ ಆರು ದಿನ ಹೆನ್ರಿ ಅಂಕಲ್, ಏಳನೇ ದಿನ ಹೆನ್ರಿ ಸರ್.

ಪಾಪ ಎಂದರೇನು, ಜನ್ಮಪಾಪ ಎಂದರೇನು, ದೇವರು ಒಳ್ಳೆಯವನಾದರೆ ಲೋಕದಲ್ಲಿ ಕೆಡುಕು ಎಲ್ಲಿಂದ ಬಂತು, ಇವೆಲ್ಲ ನನಗೆ ಬಾಯಿಪಾಠವಾಗಿದ್ದ ವಿಷಯಗಳು. ಒಮ್ಮೆ ಒಂದು ಹುಡುಗಿ, "ಸರ್, ನಮ್ಮ ಪಕ್ಕದ ಮನೆ ಪಾಪು ಹುಟ್ಟುವಾಗ್ಲೇ ಹಾರ್ಟಲ್ಲಿ ತೂತು. ಅದು ಎಂತ ಪಾಪ ಮಾಡಿತ್ತು?" ಎಂದು ಕೇಳಿದಳು. ಮನುಷ್ಯನಿಗೆ ದೇವರು ಸ್ವಾತಂತ್ರ್ಯ ಕೊಟ್ಟ, ಮನುಷ್ಯ ಅದನ್ನು ಕೆಡಿಸಿಕೊಂಡ, ಆಮೇಲೆ ಲೋಕವೂ ಕೆಟ್ಟಿತು ಎಂದು ಹೇಳಿ ಮುಂದಿನ ಪುಟ ತಿರುಗಿಸಿದ್ದೆ. ಆ ಹುಡುಗಿಗೆ ಸಮಾಧಾನ ಆಯಿತೋ ಇಲ್ಲವೋ ನೋಡಲಿಲ್ಲ. ನನಗಂತೂ ಆಗಿತ್ತು.

ಮೊದಲ ಸಲ ಬಿದ್ದದ್ದು ಒಂದು ಮಂಗಳವಾರ ಮಧ್ಯಾಹ್ನ. ಮನೆಯ ಹಿಂದೆ ಪೈಪು ಹಿಡಿದು ವ್ಯಾನು ತೊಳೆಯುತ್ತಿದ್ದೆ. ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ಅದುರತೊಡಗಿತು. ಎಡಗೈಯಿಂದ ಹಿಡಿದುಕೊಂಡೆ, ನಿಲ್ಲಲಿಲ್ಲ. ಅದುರು ಮೊಣಕೈವರೆಗೆ ಏರಿದ್ದು, ಬಾಯಿ ಒಂದು ಕಡೆಗೆ ಎಳೆದದ್ದು ನೆನಪಿದೆ. ಎಚ್ಚರವಾದಾಗ ಹಿಂದಿನ ಚಕ್ರದ ಪಕ್ಕದಲ್ಲಿ ಮಲಗಿದ್ದೆ. ಪೈಪಿನ ನೀರು ಮೈಮೇಲೆಲ್ಲ ಹರಿಯುತ್ತಿತ್ತು. ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ. ಪ್ಯಾಂಟಿನಲ್ಲಿ ಉಚ್ಚೆ ಹೋಗಿದೆ ಅಂತ ನನಗೆ ಗೊತ್ತಾಯಿತು. ಬಟ್ಟೆಯೆಲ್ಲ ನೆನೆದಿದ್ದರಿಂದ ಬೇರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಇದು ಏನು ಅಂತ ನನಗೆ ತಿಳಿಯಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಪ್ರೈಮರಿ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದವನಿಗೆ ಫಿಟ್ಸ್ ಬರುತ್ತಿತ್ತು. ಹತ್ತು ಸಲವಾದರೂ ನೋಡಿದ್ದೆ. ನನಗೆ ಬಂದದ್ದು ಅದೇ ಎಂದು ಆ ನೆಲದ ಮೇಲೆ ಮಲಗಿದ್ದಾಗಲೇ ಗೊತ್ತಾಗಿತ್ತು.

ಹೆಂಡತಿ ಪ್ರಮೀಳಾ ಸಂತೆಯಿಂದ ಬಂದು, "ತುಟಿ ಎಂತಕ್ಕೆ ಊದಿದೆ?" ಎಂದು ಕೇಳಿದಳು. ಕಾಲು ಜಾರಿ ಬಂಪರಿಗೆ ಬಡಿಯಿತು ಎಂದೆ. ಮೂರು ಗಂಟೆಗೆ ಬಟ್ಟೆ ಬದಲಿಸಿ, ವ್ಯಾನು ಹತ್ತಿ, ಶಾಲೆಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡು ಹೊರಟೆ.

ಅವತ್ತು ಸಂಜೆಯಿಂದ ಮುಂದೆ ಹನ್ನೊಂದು ಶಾಲಾ ದಿನ ವ್ಯಾನು ಓಡಿಸಿದೆ. ಪರೀಕ್ಷೆಯ ಸಮಯ, ಬದಲಿ ಡ್ರೈವರ್ ಸಿಗುವುದಿಲ್ಲ ಎಂದು ಹೇಳಿಕೊಂಡೆ. ಬಿಸಿಲಿಗೆ, ಉಪವಾಸಕ್ಕೆ ಹೀಗಾಗಿರಬಹುದು ಎಂದುಕೊಂಡೆ. ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡೆ. ತಿರುವುಗಳಲ್ಲಿ ಹೆಬ್ಬೆರಳನ್ನೇ ನೋಡುತ್ತಿದ್ದೆ. ದಾರಿಯಲ್ಲಿ ಒಂದು ದೊಡ್ಡ ಕೆರೆ ಇದೆ, ಅದರ ಏರಿಯ ಮೇಲೆಯೇ ರಸ್ತೆ. ಅಲ್ಲಿಗೆ ಬಂದಾಗ ಜಪ ಹೇಳಿಕೊಳ್ಳುತ್ತಿದ್ದೆ. ಐದನೇ ಕ್ಲಾಸಿನ ನನ್ನ ಮಗಳು ರೆನಿಟಾ ನನ್ನ ಪಕ್ಕದ ಸೀಟಿನಲ್ಲೇ ಕೂತಿರುತ್ತಿದ್ದಳು. ಅವಳಿಗೆ ಆ ಊರುಗಳ ದಾರಿ ಇಷ್ಟ ಅಂತ ದಿನಾ ಬರುತ್ತಿದ್ದಳು.

ಎರಡನೇ ಸಲ ಬಂದದ್ದು ಭಾನುವಾರ, ಧರ್ಮಶಿಕ್ಷಣದ ಕೋಣೆಯಲ್ಲಿ. ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದ ಮಕ್ಕಳಿಗೆ ಪಾಪನಿವೇದನೆ, ಅಂದರೆ ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವುದು, ಹೇಗೆಂದು ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣ ಕೈಯಿಂದ ಬಿತ್ತು. ಆಮೇಲಿನದು ಬೇರೆಯವರು ಹೇಳಿದ್ದು. ಮಕ್ಕಳು ಕಿರುಚಿಕೊಂಡು ಹೊರಗೆ ಓಡಿದರಂತೆ. ಚರ್ಚಿನ ಗೇಟು ನೋಡಿಕೊಳ್ಳುವ ಅಜ್ಜ ಬಂದು ಚರ್ಚಿನ ಬೀಗದ ಕೈಗಳ ಗೊಂಚಲನ್ನೇ ನನ್ನ ಮುಷ್ಟಿಗೆ ತುರುಕಿದರಂತೆ, ಕಬ್ಬಿಣ ಹಿಡಿದರೆ ನಿಲ್ಲುತ್ತದೆ ಎಂದು. ಕಣ್ಣು ಬಿಟ್ಟಾಗ ಬಾಗಿಲು ತುಂಬ ಮುಖಗಳು. ಒಬ್ಬ ಹೆಂಗಸು ತನ್ನ ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಪಾಪದ ಪಾಠ ಹೇಳುತ್ತಿದ್ದಾಗಲೇ ಹೀಗಾಯಿತಲ್ಲ ಎಂಬ ಮಾತು ಮರುದಿನದೊಳಗೆ ಊರೆಲ್ಲ ಸುತ್ತಿತು.

ಸರಕಾರಿ ಆಸ್ಪತ್ರೆಯಿಂದ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ತಲೆಯ ಸ್ಕ್ಯಾನ್ ಆಯಿತು. ರಿಪೋರ್ಟಿಗಾಗಿ ನಾವಿಬ್ಬರೂ ಬೆಳಿಗ್ಗೆ ಹತ್ತರಿಂದ ಮೂರೂವರೆವರೆಗೆ ಕಾದೆವು. ಪ್ರಮೀಳಾ ತಂದಿದ್ದ ಅವಲಕ್ಕಿ ಡಬ್ಬಿಯನ್ನು ಇಬ್ಬರೂ ಮುಟ್ಟಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಶಬ್ದ, ಗಡ್ಡೆ. ಅವಳ ಮನಸ್ಸಿನಲ್ಲೂ ಅದೇ ಇತ್ತೆಂದು ಆಮೇಲೆ ಹೇಳಿದಳು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಹೆದರಬೇಡಿ, ಇದು ಹುಳದ್ದು. ಒಂದು ಚಿಕ್ಕ ನೀರುಗುಳ್ಳೆ" ಎಂದಾಗ ಪ್ರಮೀಳಾ ಬಿಕ್ಕಿಬಿಕ್ಕಿ ಅತ್ತಳು. ಮಿದುಳಿನೊಳಗೆ ಹುಳ ಇದೆ ಎಂದು ಕೇಳಿ ಇಷ್ಟು ಸಂತೋಷಪಟ್ಟವರು ಬೇರೆ ಯಾರಾದರೂ ಇದ್ದಾರೋ ಗೊತ್ತಿಲ್ಲ.

"ಹಂದಿ ತಿಂದಿದ್ದಕ್ಕಾ ಸಾರ್?" ಎಂದು ನಾನೇ ಕೇಳಿದೆ.

"ತಿನ್ನದೇ ಇದ್ದವರಿಗೇ ನಾನು ಇದನ್ನ ಜಾಸ್ತಿ ನೋಡ್ತೀನಿ" ಎಂದರು. "ಯಾರದೋ ಹೊಟ್ಟೆಯ ಹುಳದ ಮೊಟ್ಟೆ ಮಣ್ಣಿಗೆ, ನೀರಿಗೆ ಸೇರಿರುತ್ತೆ. ಸರಿಯಾಗಿ ತೊಳೆಯದ ಸೊಪ್ಪಲ್ಲೋ ತರಕಾರಿಯಲ್ಲೋ ಬಂದಿರುತ್ತೆ. ಯಾವತ್ತು, ಎಲ್ಲಿ ಅಂತ ಹೇಳಕ್ಕೆ ಆಗಲ್ಲ."

ಹೊರಗೆ ಬೆಂಚಿನಲ್ಲಿ ಹೊಸನಗರದ ಕಡೆಯ ಅಡಿಕೆ ತೋಟದ ಮನೆಯ ಒಬ್ಬ ಅಮ್ಮ ತಮ್ಮ ಮಗಳ ಜೊತೆ ಕೂತಿದ್ದರು. ಅವರಿಗೂ ಅದೇ ಕಾಯಿಲೆ, ಆರು ತಿಂಗಳಾಗಿತ್ತು. ನನ್ನ ಕೊರಳಿನ ಶಿಲುಬೆ ನೋಡಿ ಮಾತಿಗೆ ಶುರುಮಾಡಿದರು.

"ನಿಮಗೆ ಹಂದಿ ಅಂತ ಹೇಳಿರ್ತಾರೆ, ಅಲ್ದಾ?"

"ಹೌದಮ್ಮ. ನಿಮಗೆ?"

"ನಮಗೆ ನಾಗದೋಷ. ಹಿಂದೆ ಯಾರೋ ನಾಗಬನ ಕಡಿದಿದ್ರಂತೆ. ಪೂಜೆ ಮೇಲೆ ಪೂಜೆ. ಸಿಗಂದೂರಿಗೂ ಹೋಗಿ ಬಂದ್ವಿ." ಮಗಳ ಕಡೆ ಕೈ ತೋರಿಸಿ, ತಮ್ಮ ಹವ್ಯಕ ಮಾತಿನಲ್ಲಿ, "ಎಂಗೊ ಮೊಟ್ಟೆನೂ ಮುಟ್ಟದಿಲ್ಲೆ, ಎಂಗೊಗೆ ಎಂತಕ್ಕೆ ಬಂತು ಹೇಳಿ ಆ ಡಾಕ್ಟರತ್ರ ಕೇಳು ಅಂದ್ರೆ ಇವಳು ಕೇಳದೇ ಇಲ್ಲೆ" ಎಂದು ಗೊಣಗಿದರು.

ಮಗಳು ನಕ್ಕಳು. ನನಗೂ ನಗು ಬಂತು. ಒಂದು ವಾರದಲ್ಲಿ ಮೊದಲ ಸಲ ನಕ್ಕದ್ದು. ಆ ಅಮ್ಮ ತಮ್ಮ ಚೀಲದಿಂದ ಎರಡು ಕಿತ್ತಳೆ ತೆಗೆದು ಪ್ರಮೀಳಾಳ ಕೈಗೆ ಕೊಟ್ಟು, "ಈ ಮಾತ್ರೆಗೆ ಬಾಯಿ ಕಹಿ ಆಗುತ್ತೆ, ತಿನ್ಲಿ" ಎಂದರು.

ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಬಂದವರೆಲ್ಲ ವಿಚಾರಣೆಯವರೇ. ಡಾಕ್ಟರು ಹೇಳಿದ್ದನ್ನು ನಾನು ಹೇಳುತ್ತಿದ್ದೆ, ಅವರು ತಲೆ ಆಡಿಸುತ್ತಿದ್ದರು, ಗೇಟು ದಾಟುವಾಗ "ಅದೇ, ಹಂದಿ" ಎನ್ನುತ್ತಿದ್ದರು. ನಮ್ಮ ಚರ್ಚಿನವರದ್ದು ಇನ್ನೊಂದು ರೀತಿ. "ದೇವರು ಪ್ರೀತಿಸಿದವರನ್ನೇ ಪರೀಕ್ಷೆ ಮಾಡ್ತಾನೆ ಹೆನ್ರಿ" ಎಂದರು ಒಬ್ಬರು. ಹಾಗಾದರೆ ನಿಮ್ಮನ್ನು ಪ್ರೀತಿಸುತ್ತಿಲ್ಲವೋ ಎಂದು ಕೇಳಬೇಕೆನಿಸಿತು. "ಇದರ ಹಿಂದೆ ಅವನ ಯೋಜನೆ ಇರುತ್ತೆ" ಎಂದರು ಇನ್ನೊಬ್ಬರು. ಯಾರದೋ ಹೊಲಸಿನಿಂದ ಹುಳದ ಮೊಟ್ಟೆಯೊಂದು ಹೊರಟು, ಸೊಪ್ಪಿಗೆ ಹತ್ತಿ, ನನ್ನ ಮಿದುಳಿಗೂ ಹೊಸನಗರದ ಆ ಅಮ್ಮನ ಮಿದುಳಿಗೂ ಬಂದು ಸೇರುವುದು ಎಂಥ ಯೋಜನೆ? ಮಾತ್ರೆಯಿಂದ ತಲೆ ಭಾರ, ಮಾತು ನಿಧಾನ, ಏನು ಹೇಳಹೊರಟೆ ಎನ್ನುವುದೇ ಮರೆಯುತ್ತಿತ್ತು. ಆದ್ದರಿಂದ ಬಂದವರೆಲ್ಲ ನನ್ನಿಂದ ಏನೂ ಕೇಳಿಸಿಕೊಳ್ಳದೆ ಬಚಾವಾದರು. ನನಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಇನ್ನೊಂದಕ್ಕೆ: ಹದಿನೈದು ವರ್ಷ ಇಂಥ ಉತ್ತರಗಳನ್ನು ಮಕ್ಕಳಿಗೆ ಹೇಳಿದವನು ನಾನೇ.

ಇಷ್ಟರ ನಡುವೆ ಸಾಗರದಿಂದ ಲಿಲ್ಲಿ ಅಕ್ಕ ದಿನಾ ಫೋನು ಮಾಡುತ್ತಿದ್ದಳು. ಅವಳು ಕೆಲವು ವರ್ಷಗಳಿಂದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾಳೆ. ಹೊರಗಿನಿಂದ ಒಬ್ಬ ಬೋಧಕರು ಬರುತ್ತಿದ್ದಾರೆ, ಬರಲೇಬೇಕು ಎಂದು ಹಠ ಹಿಡಿದಳು. ಅಪ್ಪ ಅಮ್ಮ ತೀರಿದ ಮೇಲೆ ನನ್ನನ್ನು ಓದಿಸಿದವಳು ಅವಳು. ಇಲ್ಲ ಅನ್ನಲಾಗಲಿಲ್ಲ. ಪ್ರಮೀಳಾಳನ್ನು ಕರೆದುಕೊಂಡು ಹೋದೆ.

ಒಂದು ಮನೆಯ ಮಹಡಿಯ ಮೇಲೆ ನಲವತ್ತು ಜನ. ಹಾಡು ಮುಗಿದ ಮೇಲೆ ನನ್ನನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು. ಬೋಧಕರು ತಲೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. "ಕುಡಿತ ಇದೆಯಾ?" ಇಲ್ಲ. "ಹಿರಿಯರಲ್ಲಿ ಮಾಟ ಮಾಡಿಸಿದವರು ಇದ್ದಾರಾ?" ಇಲ್ಲ. "ಹೆಂಡತಿಯಿಂದ ಏನೋ ಮುಚ್ಚಿಟ್ಟಿದ್ದೀಯ."

ನನ್ನ ಕೈಕಾಲು ತಣ್ಣಗಾಯಿತು. ಇವರಿಗೆ ಹೇಗೆ ಗೊತ್ತಾಯಿತು ಎಂದು ಒಂದು ಕ್ಷಣ ನಿಜಕ್ಕೂ ಹೆದರಿದೆ. ಆಮೇಲೆ ಹೊಳೆಯಿತು, ಆ ಕೋಣೆಯಲ್ಲಿ ಯಾವ ಗಂಡಸನ್ನು ಕೂರಿಸಿ ಕೇಳಿದ್ದರೂ ಅವನು ಹೀಗೇ ತಣ್ಣಗಾಗುತ್ತಿದ್ದ.

"ಆ ಪಾಪವೇ ಹುಳ ಆಗಿ ಕೂತಿದೆ. ಬಾಯಿಬಿಟ್ಟು ಹೇಳು, ಇವತ್ತಿನಿಂದ ಮಾತ್ರೆ ಬೇಡ. ಮಾತ್ರೆ ನುಂಗೋದು ಅಂದ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ."

ನಾನು ಎದ್ದೆ. ಅಕ್ಕ ಕೈ ಹಿಡಿದಳು. "ಕೂತ್ಕೊ ಮಾರಾಯ, ಎಲ್ರೂ ನೋಡ್ತಿದ್ದಾರೆ."

"ಮಾತ್ರೆ ಬಿಟ್ಟು ನಾನು ರಸ್ತೇಲಿ ಬಿದ್ರೆ ನೀನು ಬಂದು ಎತ್ತುತ್ತೀಯಾ?" ಎಂದೆ. ಅಕ್ಕನ ಮೇಲೆ ಹಾಗೆ ದನಿ ಎತ್ತಿದ್ದು ಅದೇ ಮೊದಲು. ಅವಳು ಅಳುತ್ತಲೇ ಇದ್ದಳು, ನಾವು ಮೆಟ್ಟಿಲಿಳಿದೆವು.

ಸಾಗರದಿಂದ ಹೊರಟು ಆನಂದಪುರದಲ್ಲಿ ಇಳಿದು ರಿಪ್ಪನ್‌ಪೇಟೆಯ ಬಸ್ಸಿಗೆ ಕಾಯುತ್ತಿದ್ದೆವು. ಪ್ರಮೀಳಾ ಬೋಧಕರನ್ನು ಬೈಯುತ್ತಿದ್ದಳು. "ಮುಚ್ಚಿಟ್ಟಿದ್ದಾರಂತೆ! ನನ್ನ ಗಂಡನ ವಿಷಯ ನನಗಿಂತ ಚೆನ್ನಾಗಿ ಗೊತ್ತಾ ಅವ್ರಿಗೆ?"

ಅವಳು ನನ್ನ ಪರವಾಗಿ ಅಷ್ಟು ಜೋರಾಗಿ ಮಾತಾಡದೇ ಇದ್ದಿದ್ದರೆ ಬಹುಶಃ ನಾನು ಸುಮ್ಮನಿರುತ್ತಿದ್ದೆ.

"ಚರ್ಚಲ್ಲಿ ಬಿದ್ದದ್ದು ಎರಡನೇ ಸಲ" ಎಂದೆ. "ಮೊದಲನೇದು ವ್ಯಾನ್ ತೊಳೆಯುವಾಗ. ಗೊತ್ತಿದ್ದೂ ಓಡಿಸ್ದೆ. ಹನ್ನೊಂದು ದಿನ."

ಅವಳು ಕೇಳಿದ್ದು ಒಂದೇ ಪ್ರಶ್ನೆ. "ರೆನಿ ಮುಂದಿನ ಸೀಟಲ್ಲಿ ಕೂತಿದ್ಲಾ?"

"ಹ್ಞೂಂ."

ಅವಳು ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕೂತಳು. ಬಸ್ಸು ಬಂದಾಗ ಹತ್ತಿದಳು, ಹೆಂಗಸರ ಸೀಟಿನಲ್ಲಿ ಕೂತಳು. ಮುಂದಿನ ಎಂಟು ದಿನ ಹೊತ್ತು ಹೊತ್ತಿಗೆ ಊಟ ಇಟ್ಟಳು, ಮಾತ್ರೆ ಎಣಿಸಿ ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಒಂಬತ್ತನೇ ದಿನ ಪಾತ್ರೆ ತೊಳೆಯುತ್ತಾ, "ನಂಗೆ ಹೇಳ್ಬಹುದಿತ್ತು" ಎಂದಳು. ಅವಳು ಕ್ಷಮಿಸಿದ್ದಾಳೋ ಇಲ್ಲವೋ ಇವತ್ತಿಗೂ ಕೇಳಿಲ್ಲ.

ಪಾಪನಿವೇದನೆಗೆ ಹೋದೆ. ನಮ್ಮ ಫಾದರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ನನ್ನನ್ನು ನೋಡಲು ಮನೆಗೆ ಮೂರು ಸಲ ಬಂದವರು. ಎಲ್ಲ ಕೇಳಿ, "ನೀವು ಕಾಯಿಲೆಯಲ್ಲಿದ್ರಿ ಹೆನ್ರಿ. ಕಾಯಿಲೆ ಪಾಪ ಅಲ್ಲ. ನಿಮ್ಮನ್ನ ನೀವು ಇಷ್ಟು ಹಿಂಸೆ ಮಾಡ್ಕೋಬೇಡಿ" ಎಂದರು.

"ಕಾಯಿಲೆ ವಿಷಯ ಅಲ್ಲ ಫಾದರ್. ಆ ಹನ್ನೊಂದು ದಿನ ನನಗೆ ಬುದ್ಧಿ ನೆಟ್ಟಗೇ ಇತ್ತು."

"ಭಯದಲ್ಲಿ ಮನುಷ್ಯ ಹಾಗೆ ಮಾಡ್ತಾನೆ. ದೇವರು ಅರ್ಥ ಮಾಡ್ಕೊಳ್ತಾನೆ." ಪ್ರಾಯಶ್ಚಿತ್ತವಾಗಿ ಒಂದು ಜಪಮಾಲೆ ಹೇಳಿ ಎಂದರು, ಪಾಪವಿಮೋಚನೆಯ ಮಾತು ಹೇಳಿದರು. ಕ್ಷಮೆ ಸಿಕ್ಕಿತು ಎಂದು ನಾನು ನಂಬುತ್ತೇನೆ, ಹಾಗೆ ನಂಬಬೇಕೆಂದು ಮಕ್ಕಳಿಗೆ ಕಲಿಸಿದವನು ನಾನು. ಆದರೂ ಹೊರಗೆ ಬಂದಾಗ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು. ಮಾಡದ ತಪ್ಪಿಗೆ ಊರೆಲ್ಲ ನನ್ನನ್ನು ವಿಚಾರಿಸಿತು. ಮಾಡಿದ ತಪ್ಪನ್ನು ಹೇಳಿದರೆ ಬೆನ್ನು ಸವರುತ್ತಾರೆ.

ಕೊನೆಗೆ ಮಕ್ಕಳ ಮನೆಗಳಿಗೇ ಹೋಗುವುದೆಂದು ನಿರ್ಧರಿಸಿದೆ. ಅಷ್ಟರಲ್ಲಿ ವ್ಯಾನಿಗೆ ಬೇರೆ ಡ್ರೈವರ್ ಬಂದಿದ್ದ. ನಾನು ಬಸ್ಸಿನಲ್ಲಿ, ನಡೆದು, ಒಂದೊಂದೇ ಮನೆಗೆ ಹೋದೆ. ಮೊದಲನೇ ಮನೆಯಲ್ಲಿ ಕಾಫಿ ಕೊಟ್ಟು, "ಏನೂ ಆಗ್ಲಿಲ್ವಲ್ಲ, ಬಿಡಿ" ಎಂದರು. ಎರಡನೇ ಮನೆಯಲ್ಲಿ, "ನಿಮ್ಮ ಹೊಟ್ಟೆಪಾಡು, ಪಾಪ, ಎಂತ ಮಾಡ್ತೀರಿ" ಎಂದರು. ಇನ್ನೊಂದು ಮನೆಯ ಯಜಮಾನರು ಮಾತು ಮುಗಿಯುವ ಮೊದಲೇ ಫಿಟ್ಸಿಗೆ ಯಾವುದೋ ಬೇರಿನ ಔಷಧಿ ಹೇಳಲು ಶುರುಮಾಡಿದರು. ಯಾರೂ ಕೆಟ್ಟವರಲ್ಲ. ಪ್ರತಿ ಮನೆಯ ಕಾಫಿ ಕುಡಿದು ಹೊರಗೆ ಬರುವಾಗಲೂ ನಾನು ಮೊದಲಿಗಿಂತ ಸಣ್ಣವನಾಗಿ ಬರುತ್ತಿದ್ದೆ.

ಆರನೆಯದು ಶಾರದಕ್ಕನ ಮನೆ. ಗದ್ದೆ, ಹಟ್ಟಿ, ಆಳುಕಾಳು ಎಲ್ಲ ತಾವೇ ನೋಡಿಕೊಳ್ಳುವ ಗೌಡರ ಮನೆಯ ಹೆಂಗಸು. ಅವರ ಎರಡು ಮಕ್ಕಳು ನನ್ನ ವ್ಯಾನಿನಲ್ಲಿ ಬರುತ್ತಿದ್ದರು. ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದವರು, "ಹೆನ್ರಣ್ಣ, ಬಂದ್ರಾ? ಕೂತ್ಕೊಳಿ" ಎಂದರು. ಕೂರದೇ ಹೇಳಿದೆ. ಅವರ ಕೈ ನಿಂತಿತು.

"ಗೊತ್ತಿತ್ತಾ ನಿಮಗೆ? ಅದು ಫಿಟ್ಸು ಅಂತ?"

"ಗೊತ್ತಿತ್ತು."

"ಕೆರೆ ಏರಿ ಮೇಲೆ ಬರ್ತಿದ್ರಲ್ಲ ದಿನಾ."

"ಹೌದು."

"ಎಂತಕ್ಕೆ ಹೇಳ್ಲಿಲ್ಲ?"

ದಾರಿಯಲ್ಲಿ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇಷ್ಟೇ. "ಹೆದ್ರಿಕೆ ಆಯ್ತು. ಕೆಲಸ ಹೋಗುತ್ತೆ, ಫಿಟ್ಸ್ ಹೆನ್ರಿ ಅಂತಾರೆ ಅಂತ."

"ಹೆದ್ರಿಕೆ ಯಾರಿಗಾಗಲ್ಲ? ನಂಗೂ ಆಗುತ್ತೆ. ಅದಕ್ಕೆ ನಾನು ನಿಮ್ಮ ಮಗಳನ್ನ ಕೆರೆ ಅಂಚಲ್ಲಿ ನಿಲ್ಲಿಸ್ತೀನಾ?" ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಹಾಕಿ ಎದ್ದು ನಿಂತರು. "ಕಾಯಿಲೆ ಬಂದದ್ದು ನಿಮ್ಮ ತಪ್ಪಲ್ಲ ಹೆನ್ರಣ್ಣ, ಅದನ್ನ ಯಾರು ಅಂದ್ರೂ ಕೇಳ್ಬೇಡಿ. ಆದ್ರೆ ಇದು ತಪ್ಪು. ದೊಡ್ಡ ತಪ್ಪು ಮಾಡಿದ್ರಿ. ನಾನು ಕ್ಷಮಿಸ್ತೀನಿ ಗಿಮಿಸ್ತೀನಿ ಅಂತ ಹೇಳಲ್ಲ."

"ಹೇಳೋದು ಬೇಡ" ಎಂದೆ.

ನನ್ನ ಕಣ್ಣಲ್ಲಿ ನೀರು ಬಂತು. ಅವಮಾನಕ್ಕಲ್ಲ. ಮೂರು ತಿಂಗಳಲ್ಲಿ ನನ್ನ ಕಾಯಿಲೆಯನ್ನೂ ನನ್ನ ತಪ್ಪನ್ನೂ ಬೇರೆ ಬೇರೆಯಾಗಿ ನೋಡಿ ಮಾತಾಡಿದವರು ಅವರೊಬ್ಬರೇ. ಧರ್ಮಶಿಕ್ಷಣದ ಕೋಣೆಗೆ ಕಾಲಿಡದ ಹೆಂಗಸು.

ಬರುತ್ತೇನೆ ಎಂದು ತಿರುಗಿದೆ. ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಕರೆದರು.

"ಮಧ್ಯಾಹ್ನದ ಮಾತ್ರೆ ತಗೊಂಡ್ರಾ?"

"ಇಲ್ಲ, ಮನೆಗೆ ಹೋಗಿ..."

"ಈಗ್ಲೇ ತಗೊಳ್ಳಿ." ಒಳಗೆ ಹೋಗಿ ನೀರು ತಂದು ಕೊಟ್ಟರು. ನಾನು ಜೇಬಿನಿಂದ ಮಾತ್ರೆ ತೆಗೆದು ನುಂಗುವುದನ್ನು ನಿಂತು ನೋಡಿದರು. ಮೆಣಸಿನಕಾಯಿಯ ಮೇಲೆ ಬಲೆ ಎಳೆದು, ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಹೊರಟರು. ಬಸ್‌ಸ್ಟಾಪು ಕೆರೆಯ ಆಚೆ ಬದಿಯಲ್ಲಿತ್ತು. ಏರಿಯ ಮೇಲೆ ನಡೆಯುವಾಗ ನನ್ನನ್ನು ರಸ್ತೆಯ ಕಡೆಗೆ ಬಿಟ್ಟು ತಾವು ನೀರಿನ ಬದಿಯಲ್ಲಿ ನಡೆದರು. ಮುಖದ ಸಿಟ್ಟು ಹಾಗೇ ಇತ್ತು.

ಬಸ್ಸು ಬರಲು ಅರ್ಧ ಗಂಟೆ ಆಯಿತು. ಅಷ್ಟೂ ಹೊತ್ತು ನಿಂತೇ ಇದ್ದರು. ಬಸ್ಸು ನಿಂತಾಗ ಕಂಡಕ್ಟರನಿಗೆ, "ಇವ್ರಿಗೆ ಹುಷಾರಿಲ್ಲ. ಬಾಗಿಲ ಹತ್ರ ಕೂರಿಸ್ಬೇಡಿ, ಒಳಗೆ ಸೀಟ್ ಕೊಡಿ. ತೀರ್ಥಹಳ್ಳೀಲಿ ನೋಡಿ ಇಳಿಸಿ" ಎಂದರು. ನಾನು ಹತ್ತಿ ಕೂತ ಮೇಲೂ ಕಿಟಕಿಯ ಕಡೆ ತಿರುಗಿ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿಯ ಮೇಲೆ ವಾಪಸು ನಡೆದರು.

ಉಳಿದ ಮನೆಗಳಿಗೂ ಮುಂದಿನ ವಾರಗಳಲ್ಲಿ ಹೋಗಿ ಬಂದೆ.

ಕಳೆದ ವರ್ಷದ ಸ್ಕ್ಯಾನಿನಲ್ಲಿ ಗುಳ್ಳೆ ಒಣಗಿ ಒಂದು ಚುಕ್ಕೆಯಷ್ಟೇ ಉಳಿದಿದೆ ಎಂದರು. ಫಿಟ್ಸಿನ ಮಾತ್ರೆ ಇನ್ನೂ ಇದೆ. ಗಾಡಿ ಓಡಿಸುತ್ತಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಅಕ್ಕ ಹಬ್ಬಕ್ಕೆ ಬರುತ್ತಾಳೆ, ಮಾತ್ರೆಯ ಸುದ್ದಿ ಎತ್ತುವುದಿಲ್ಲ, ನಾನೂ ಆ ಮಹಡಿಯ ಸುದ್ದಿ ಎತ್ತುವುದಿಲ್ಲ.

ಈ ಜೂನಿನಿಂದ ಮತ್ತೆ ಧರ್ಮಶಿಕ್ಷಣದ ಕೋಣೆಗೆ ಹೋಗುತ್ತಿದ್ದೇನೆ. ಫಾದರ್ ಕೇಳಿದರು, ಮಕ್ಕಳ ತಂದೆತಾಯಿಗಳಲ್ಲಿ ಇಬ್ಬರು ಬೇಡವೆಂದರು, ಉಳಿದವರು ಒಪ್ಪಿದರು. ಬೇಡವೆಂದವರ ಮಕ್ಕಳು ಬೇರೆ ಟೀಚರ ಹತ್ತಿರ ಹೋಗುತ್ತಾರೆ. ಮೊದಲ ದಿನವೇ ಮಕ್ಕಳಿಗೆ ಹೇಳಿದೆ, ನನ್ನ ಕೈ ಅದುರತೊಡಗಿದರೆ ಕೀಲಿಕೈ ತರಬೇಡಿ, ಒಂದು ಬದಿಗೆ ಮಲಗಿಸಿ, ದೊಡ್ಡವರನ್ನು ಕರೆಯಿರಿ. ಕಳೆದ ಭಾನುವಾರ ಒಬ್ಬ ಹುಡುಗ ಎದ್ದು ನಿಂತು, "ಸರ್, ನಿಮಗೆ ಎಂತಕ್ಕೆ ಹಂಗಾಯ್ತು?" ಎಂದು ಕೇಳಿದ.

"ಗೊತ್ತಿಲ್ಲ" ಎಂದೆ. "ಆದರೆ ಆದ ಮೇಲೆ ನಾನು ಏನು ಮಾಡಿದೆ ಅನ್ನೋದು ಗೊತ್ತಿದೆ. ಕೂತ್ಕೊ, ಅದನ್ನ ಹೇಳ್ತೀನಿ."